ಕಡಲಾಚೆಯ ವಿದ್ಯೆ ಮತ್ತು ಬೈರಾಪಟ್ಟಣದ ತೆಂಗಿನ ತೋಟ

ಕಳೆದ ಕಾರ್ತಿಕ ಮಾಸದ ಕಡೆಯ ಸೋಮವಾರ. ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮನೆಯಲ್ಲಿ ಶಿವಪೂಜೆ ಮತ್ತು ದಾಸೋಹ ಏರ್ಪಾಡಾಗಿತ್ತು. ಪ್ರಸಾದ ಸ್ವೀಕರಿಸಿ ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದಾಗ ಮನೆಯ ಯಜಮಾನರು ಒಳಗಿನಿಂದ ಒಂದು ಲಕೋಟೆಯನ್ನು ತಂದು ನನ್ನ ಕೈಗಿತ್ತರು. ಅವರ ಹಿರಿಯ ಮಗಳು ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಬಿ.ಎಸ್ಸಿ. ಕೃಷಿ ಪದವಿಯ ಕೊನೆಯ ವರ್ಷದಲ್ಲಿದ್ದಾಳೆ. ಆಸ್ಟ್ರೇಲಿಯಾದ ಹೆಸರಾಂತ ವಿಶ್ವವಿದ್ಯಾನಿಲಯವೊಂದು ಆಕೆಗೆ ಎರಡು ವರ್ಷದ ಸ್ನಾತಕೋತ್ತರ ವ್ಯಾಸಂಗಕ್ಕೆ ಪ್ರವೇಶ ನೀಡಲು ಒಪ್ಪಿ ಬರೆದ ಪತ್ರವದು.

“ಮೇಷ್ಟ್ರೇ, ತೋಟವನ್ನು ಕೊಟ್ಟುಬಿಡೋಣವೆಂದಿದ್ದೇನೆ. ನೀವು ಏನು ಹೇಳುತ್ತೀರಿ?” ಎಂದರು. ತೋಟವೆಂದರೆ ಅವರ ತಂದೆಯವರು ನೆಟ್ಟ ತೆಂಗಿನ ತೋಟ. ಮಗಳು ಬಾಗಿಲಿನ ಬಳಿ ನಿಂತಿದ್ದಳು. ಆಕೆಯ ಅಜ್ಜಿ ಗೋಡೆಗೊರಗಿ ಕುಳಿತಲ್ಲಿಂದಲೇ, “ಅಲ್ಲಿ ಲಿಂಗಪೂಜೆಗೆ ಪತ್ರೆ ಸಿಕ್ಕುತ್ತದೆಯೇ, ಮೊದಲು ಅದನ್ನು ಕೇಳಿ” ಎಂದರು. ಯಾರೂ ನಗಲಿಲ್ಲ.

ನಾನು ಅಂದು ಉತ್ತರ ಕೊಡಲಿಲ್ಲ. ತಿಳಿಯದೆ ಹೇಳುವ ಮಾತು ಒಂದು ಸಂಸಾರದ ನೆಲವನ್ನು ಕಳೆಯಬಹುದು, ಇಲ್ಲವೇ ಒಂದು ಹೆಣ್ಣುಮಗುವಿನ ಭವಿಷ್ಯವನ್ನು ಕಳೆಯಬಹುದು. ತಿಂಗಳೊಪ್ಪತ್ತು ಅವಕಾಶ ಕೇಳಿ, ತಿಳಿದವರಿಂದ ತಿಳಿದು, ಓದಿ, ಲೆಕ್ಕ ಹಾಕಿ ಮತ್ತೆ ಹೋದೆ. ಹಾಗೆ ತಿಳಿದುಬಂದುದನ್ನು ನಮ್ಮ ಸಮಾಜದ ಇತರ ಕುಟುಂಬಗಳಿಗೂ ಉಪಯೋಗವಾಗಲೆಂದು ಇಲ್ಲಿ ನಿವೇದಿಸುತ್ತಿದ್ದೇನೆ. ಇಂತಹ ಲಕೋಟೆಗಳು ಈಗ ಬೈರಾಪಟ್ಟಣಕ್ಕೆ ಮಾತ್ರ ಬರುತ್ತಿಲ್ಲವಷ್ಟೆ.

ಸಂಶೋಧನೆಗೆಂದೇ ಹುಟ್ಟಿದ ವಿದ್ಯಾಪೀಠ

ಆಸ್ಟ್ರೇಲಿಯಾದಲ್ಲಿ ಸಂಶೋಧನೆಗೆ ಹೆಸರಾದ ಎಂಟು ವಿಶ್ವವಿದ್ಯಾನಿಲಯಗಳ ಒಂದು ಕೂಟವಿದೆ. ಮೆಲ್ಬರ್ನ್, ಸಿಡ್ನಿ, ಕ್ವೀನ್ಸ್‌ಲ್ಯಾಂಡ್, ಮೊನಾಶ್ ಮೊದಲಾದವು ಅದರಲ್ಲಿ ಸೇರಿವೆ. ಅವುಗಳಲ್ಲಿ ರಾಜಧಾನಿ ಕ್ಯಾನ್‌ಬೆರಾದಲ್ಲಿರುವ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಹುಟ್ಟು ವಿಶಿಷ್ಟವಾದುದು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷವೇ, 1946ರಲ್ಲಿ, ಆ ದೇಶದ ಪಾರ್ಲಿಮೆಂಟು ಕಾನೂನು ಮಾಡಿ ಅದನ್ನು ಸ್ಥಾಪಿಸಿತು. ಆರಂಭದಲ್ಲಿ ಅಲ್ಲಿ ಪದವಿ ತರಗತಿಗಳೇ ಇರಲಿಲ್ಲ. ಸಂಶೋಧನೆಯೊಂದೇ ಅದರ ಕಾರ್ಯವಾಗಿತ್ತು. 1960ರಲ್ಲಿ ಊರಿನ ಕಾಲೇಜು ಅದರೊಡನೆ ವಿಲೀನವಾದ ಮೇಲೆ ಪದವಿ ವಿದ್ಯಾರ್ಥಿಗಳು ಬಂದರು. ಮಿದುಳಿನ ನರಕೋಶಗಳನ್ನು ಕುರಿತು ಅಲ್ಲಿ ದುಡಿದ ಜಾನ್ ಎಕ್ಲ್ಸ್ ಅವರಿಗೆ 1963ರಲ್ಲಿಯೂ, ದೇಹವು ರೋಗಾಣುಗಳನ್ನು ಗುರುತಿಸುವ ಬಗೆಯನ್ನು ಅಲ್ಲಿಯೇ ಕಂಡುಹಿಡಿದ ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಜಿಂಕರ್‌ನಾಗೆಲ್ ಅವರಿಗೆ 1996ರಲ್ಲಿಯೂ, ವಿಶ್ವದ ವಿಸ್ತರಣೆ ವೇಗಗೊಳ್ಳುತ್ತಿರುವುದನ್ನು ತೋರಿಸಿಕೊಟ್ಟವರಲ್ಲೊಬ್ಬರಾದ ಬ್ರಯಾನ್ ಶ್ಮಿಟ್ ಅವರಿಗೆ 2011ರಲ್ಲಿಯೂ ನೊಬೆಲ್ ಪಾರಿತೋಷಕ ಸಂದಿತು.

ಆ ಊರಿಗೂ ನಮ್ಮ ದೇಶಕ್ಕೂ ಒಂದು ನಂಟಿದೆಯೆಂಬುದನ್ನು ಕೇಳಿ ಬೈರಾಪಟ್ಟಣದ ಯಜಮಾನರು ಆಶ್ಚರ್ಯಪಟ್ಟರು. ಕ್ಯಾನ್‌ಬೆರಾ ನಗರದ ನಕ್ಷೆಯನ್ನು ರಚಿಸಿದ ವಾಲ್ಟರ್ ಬರ್ಲೆ ಗ್ರಿಫಿನ್ ಎಂಬ ವಾಸ್ತುಶಿಲ್ಪಿ ತಮ್ಮ ಜೀವನದ ಕೊನೆಗಾಲದಲ್ಲಿ ಭಾರತಕ್ಕೆ ಬಂದು, 1937ರಲ್ಲಿ ಲಕ್ನೋದಲ್ಲಿ ತೀರಿಕೊಂಡರು. ಭಾರತದ ಪ್ರಾಚೀನ ಸಂಸ್ಕೃತಿಯನ್ನು ಜಗತ್ತಿಗೆ ಪರಿಚಯಿಸಿದ ಗ್ರಂಥವನ್ನು 1954ರಲ್ಲಿ ಹೊರತಂದ ಇತಿಹಾಸಕಾರ ಎ. ಎಲ್. ಬ್ಯಾಷಮ್ 1965ರಿಂದ 1979ರವರೆಗೆ ಅಲ್ಲಿ ಪ್ರಾಧ್ಯಾಪಕರಾಗಿದ್ದರು.

ಇನ್ನೂ ಹತ್ತಿರದ ನಂಟೊಂದಿದೆ. ಅದೇ ವಿಶ್ವವಿದ್ಯಾನಿಲಯದ ಜನಸಂಖ್ಯಾ ಶಾಸ್ತ್ರಜ್ಞ ಜಾನ್ ಕಾಲ್ಡ್‌ವೆಲ್ ಮತ್ತು ಅವರ ಪತ್ನಿ ಪ್ಯಾಟ್ ಕಾಲ್ಡ್‌ವೆಲ್ ಅವರು ಬೆಂಗಳೂರಿನ ಜನಸಂಖ್ಯಾ ಕೇಂದ್ರದ ಪಿ. ಎಚ್. ರೆಡ್ಡಿಯವರೊಡನೆ ಸೇರಿ ನಮ್ಮ ಕರ್ನಾಟಕದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಮದುವೆ, ಮಕ್ಕಳು, ಓದು, ಕಾಯಿಲೆಗಳನ್ನು ಕುರಿತು ವಿಚಾರಿಸಿ, 1988ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಕಾಲ್ಡ್‌ವೆಲ್ ಅವರ ಮುಖ್ಯ ಸಿದ್ಧಾಂತವನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು: ಹಿಂದೆ ಸಂಪತ್ತು ಮಕ್ಕಳ ದುಡಿಮೆಯಿಂದ ತಂದೆತಾಯಿಗಳ ಕಡೆಗೆ ಹರಿಯುತ್ತಿತ್ತು, ಶಾಲೆ ಬಂದ ಮೇಲೆ ಆ ಹರಿವು ತಿರುಗಿ ತಂದೆತಾಯಿಗಳಿಂದ ಮಕ್ಕಳ ಕಡೆಗೆ ಸಾಗಿತು. ತೋಟ ಮಾರಲು ಹೊರಟ ತಂದೆಯ ಮುಂದೆ ಕುಳಿತು ಈ ಮಾತನ್ನು ನೆನೆದಾಗ, ಅದು ದೂರದ ಪುಸ್ತಕದ ಮಾತೆನಿಸಲಿಲ್ಲ.

ಕಡಲೆಕಾಯಿ ಎಲೆಯಲ್ಲಿ ಅಡಗಿದ ಲೆಕ್ಕ

“ನಮ್ಮಲ್ಲೇ ಕೃಷಿ ವಿಶ್ವವಿದ್ಯಾನಿಲಯ ಇರುವಾಗ ಅಷ್ಟು ದೂರ ಏಕೆ ಹೋಗಬೇಕು?” ಎಂದು ಅಜ್ಜಿ ಕೇಳಿದ್ದರು. ಇದಕ್ಕೆ ಉತ್ತರವನ್ನು ನಾನು ಹುಡುಗಿಯಿಂದಲೇ ಕಲಿತೆ.

ಮಳೆ ಕೈಕೊಟ್ಟ ವರ್ಷ ಒಂದೇ ಹೊಲದಲ್ಲಿ ಒಂದು ತಳಿಯ ಕಡಲೆಕಾಯಿ ಬಾಡುವುದು, ಇನ್ನೊಂದು ತಳಿ ಅಷ್ಟೇ ನೀರಿನಲ್ಲಿ ಕಾಯಿ ಕಟ್ಟುವುದು ರೈತರಿಗೆಲ್ಲ ಗೊತ್ತಿರುವ ವಿಷಯ. ಆದರೆ ಸಾವಿರಾರು ತಳಿಗಳಲ್ಲಿ ಯಾವುದು ಕಡಿಮೆ ನೀರಿನಲ್ಲಿ ಹೆಚ್ಚು ಬೆಳೆಯುವುದೆಂದು ಕಂಡುಹಿಡಿಯುವುದು ಹೇಗೆ? ಒಂದೊಂದು ಗಿಡವನ್ನೂ ಕುಂಡದಲ್ಲಿಟ್ಟು ದಿನವೂ ತೂಗಿ ನೋಡುವುದು ಅಸಾಧ್ಯವೆನ್ನುವಷ್ಟು ಶ್ರಮದ ಕೆಲಸ. ಗಾಳಿಯಲ್ಲಿರುವ ಇಂಗಾಲದಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಸ್ವಲ್ಪ ಭಾರವಾದ ಬಗೆಯದು. ಗಿಡವು ಗಾಳಿಯನ್ನು ಹೀರುವಾಗ ಹಗುರವಾದ ಇಂಗಾಲವನ್ನೇ ಹೆಚ್ಚು ಆರಿಸಿಕೊಳ್ಳುತ್ತದೆ. ಎಲೆಯ ರಂಧ್ರಗಳನ್ನು ಬಿಗಿಹಿಡಿದು ನೀರನ್ನು ಉಳಿಸುವ ಗಿಡಕ್ಕೆ ಅಷ್ಟು ಆರಿಸಿಕೊಳ್ಳುವ ಅವಕಾಶವಿರದೆ, ಅದರ ಎಲೆಯಲ್ಲಿ ಭಾರದ ಇಂಗಾಲ ತುಸು ಹೆಚ್ಚಾಗಿ ಸೇರಿಕೊಳ್ಳುತ್ತದೆ. ಆದ್ದರಿಂದ ಒಣಗಿಸಿ ಪುಡಿ ಮಾಡಿದ ಒಂದು ಚಿಟಿಕೆ ಎಲೆಯನ್ನು ಯಂತ್ರದಲ್ಲಿ ಅಳೆದರೆ ಸಾಕು, ಆ ಗಿಡ ನೀರನ್ನು ಎಷ್ಟು ಜೋಪಾನವಾಗಿ ಬಳಸಿದೆಯೆಂಬುದು ತಿಳಿಯುತ್ತದೆ. ಈ ತತ್ತ್ವವನ್ನು 1980ರ ದಶಕದಲ್ಲಿ ಬಿಡಿಸಿ ಹೇಳಿದವರು ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಗ್ರಹಾಂ ಫಾರ್ಕ್ವಾರ್ ಮತ್ತು ಅವರ ಸಹೋದ್ಯೋಗಿಗಳು. ಕಡಲೆಕಾಯಿಯ ಮೇಲಿನ ಅವರ ಪ್ರಬಂಧ 1986ರಲ್ಲಿ ಬಂದಿತು. ಇದೇ ತತ್ತ್ವದ ಬಲದಿಂದ ಆಯ್ದ ‘ಡ್ರೈಸ್‌ಡೇಲ್’ ಎಂಬ ಗೋಧಿಯ ತಳಿ 2002ರಲ್ಲಿ ಅಲ್ಲಿನ ರೈತರ ಕೈ ಸೇರಿತು. ಫಾರ್ಕ್ವಾರ್ ಅವರಿಗೆ 2017ರಲ್ಲಿ ಜಪಾನಿನ ಕ್ಯೋಟೋ ಪ್ರಶಸ್ತಿ ದೊರೆಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ವಿದ್ಯೆ ಕ್ಯಾನ್‌ಬೆರಾದಲ್ಲಿಯೇ ಉಳಿಯಲಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಎಂ. ಉದಯಕುಮಾರ್, ಟಿ. ಜಿ. ಪ್ರಸಾದ್ ಮೊದಲಾದ ಬೆಳೆ ಶರೀರಕ್ರಿಯಾ ಶಾಸ್ತ್ರಜ್ಞರು ಆಸ್ಟ್ರೇಲಿಯಾದ ವಿಜ್ಞಾನಿಗಳೊಡನೆ ಕೂಡಿ ಕಡಲೆಕಾಯಿಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಇಂಗಾಲವನ್ನು ಹೀಗೆ ಅಳೆಯುವ ಯಂತ್ರವೂ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿಯೇ ಇದೆ. ಹುಡುಗಿಗೆ ಈ ವಿದ್ಯೆಯ ಹುಚ್ಚು ಹಿಡಿದದ್ದು ಅಲ್ಲಿಯೇ. “ತಾತ, ಈ ಅಳತೆ ಕಡಲೆಕಾಯಿಗೆ, ಭತ್ತಕ್ಕೆ, ಗೋಧಿಗೆ ಚೆನ್ನಾಗಿ ಒಗ್ಗುತ್ತದೆ. ನಮ್ಮ ರಾಗಿ ಇಂಗಾಲವನ್ನು ಹಿಡಿಯುವ ಬಗೆಯೇ ಬೇರೆ. ಅದಕ್ಕೆ ಬೇರೆ ದಾರಿ ಹುಡುಕಬೇಕು” ಎಂದಳು. ಹೇಳುವಾಗ ಆಕೆಯ ಮುಖದಲ್ಲಿದ್ದ ಕಾಂತಿಯನ್ನು ನಾನು ಮರೆಯಲಾರೆ. ನಮ್ಮ ನೆರೆಯ ಮಂಡ್ಯದ ವಿ. ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ತಂದು ನಮ್ಮ ಕಣಜಗಳನ್ನು ತುಂಬಿಸಿದ್ದನ್ನು ಅಜ್ಜಿಗೆ ನೆನಪಿಸಿದೆ. ಕಡಲಾಚೆಯದು ಎಂಬ ಕಾರಣಕ್ಕೆ ಅಂದು ಯಾರೂ ಆ ರಾಗಿಯನ್ನು ಬೇಡವೆನ್ನಲಿಲ್ಲ.

ಹೋದವರು, ಮರಳಿ ಬಂದವರು

ಆಸ್ಟ್ರೇಲಿಯಾ ಒಂದು ಕಾಲದಲ್ಲಿ ಬಿಳಿಯರಲ್ಲದವರಿಗೆ ಬಾಗಿಲು ಮುಚ್ಚಿದ್ದ ದೇಶ. 1901ರಲ್ಲಿ ಮಾಡಿದ ವಲಸೆ ಕಾನೂನಿನ ನೆರಳು 1973ರವರೆಗೂ ಉಳಿದಿತ್ತು. ಆದರೆ 1951ರಲ್ಲಿ ಕಾರ್ಯಾರಂಭ ಮಾಡಿದ ಕೊಲಂಬೊ ಯೋಜನೆಯಿಂದಾಗಿ ಏಷ್ಯಾದ ವಿದ್ಯಾರ್ಥಿಗಳು ಅಲ್ಲಿನ ವಿಶ್ವವಿದ್ಯಾನಿಲಯಗಳನ್ನೂ ಸಂಶೋಧನಾಲಯಗಳನ್ನೂ ಪ್ರವೇಶಿಸಿದರು.

ಹಾಗೆ ಹೋದವರಲ್ಲಿ ಗೋವಿಂದ ಸ್ವರೂಪ್ ಒಬ್ಬರು. 1953ರಲ್ಲಿ ಸಿಡ್ನಿಯ ರೇಡಿಯೋ ಖಗೋಳ ಸಂಶೋಧನಾಲಯಕ್ಕೆ ಹೋಗಿ ಎರಡು ವರ್ಷ ಕಲಿತರು. ಅಲ್ಲಿ ಬಳಕೆ ತಪ್ಪಲಿದ್ದ, ಆರಡಿ ಅಗಲದ ಮೂವತ್ತೆರಡು ತಟ್ಟೆಗಳನ್ನು ಭಾರತಕ್ಕೆ ದಾನವಾಗಿ ಕೊಡುವಂತೆ ಕೇಳಿಕೊಂಡರು. ಮುಂಬಯಿ ಬಳಿಯ ಕಲ್ಯಾಣದಲ್ಲಿ 1965ರಲ್ಲಿ ಆ ತಟ್ಟೆಗಳೇ ನಮ್ಮ ದೇಶದ ಮೊದಲ ರೇಡಿಯೋ ದೂರದರ್ಶಕಗಳಲ್ಲೊಂದಾಗಿ ನಿಂತವು. ಬಳಿಕ 1970ರಲ್ಲಿ ಊಟಿಯ ಬೆಟ್ಟದ ಇಳಿಜಾರಿನಲ್ಲಿ 530 ಮೀಟರ್ ಉದ್ದದ ದೂರದರ್ಶಕವನ್ನು ಕಟ್ಟಿದರು. ಪರರು ಕೈಬಿಟ್ಟ ವಸ್ತುವಿನಿಂದ ತಾಯ್ನಾಡಿನಲ್ಲಿ ಒಂದು ವಿಜ್ಞಾನವನ್ನೇ ಬೆಳೆಸಿದ ಕಾಯಕವಿದು.

ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರಾಗಿದ್ದ ವಿ. ರಾಧಾಕೃಷ್ಣನ್ 1965ರಿಂದ 1971ರವರೆಗೆ ಅದೇ ಸಿಡ್ನಿಯಲ್ಲಿ ದುಡಿದು, ಮಿಡಿಯುವ ನಕ್ಷತ್ರಗಳನ್ನು ಕುರಿತು ಹೊಸ ಬೆಳಕು ಚೆಲ್ಲಿದರು. ತಮ್ಮ ತಂದೆ ಸರ್ ಸಿ. ವಿ. ರಾಮನ್ ಅವರು ಕಟ್ಟಿದ ಬೆಂಗಳೂರಿನ ಸಂಶೋಧನಾ ಸಂಸ್ಥೆಗೆ 1972ರಲ್ಲಿ ನಿರ್ದೇಶಕರಾಗಿ ಬಂದು, 1994ರವರೆಗೆ ಅದನ್ನು ಮುನ್ನಡೆಸಿದರು.

ಇವರೆಲ್ಲ ಒಂದು ಪ್ರಶ್ನೆಯನ್ನು ಹೊತ್ತು ಹೋದವರು. ಕಲಿಯಬೇಕಾದುದು ಏನೆಂಬುದು ಅವರಿಗೆ ತಿಳಿದಿತ್ತು. ಅದನ್ನು ಕಲಿಸುವವರು ಎಲ್ಲಿದ್ದಾರೆಂಬುದೂ ತಿಳಿದಿತ್ತು. ಬರಿಯ ಪದವಿಗಾಗಿ, ಅಥವಾ ಹೇಗಾದರೂ ಆ ದೇಶದಲ್ಲಿ ನೆಲೆಸಬೇಕೆಂಬ ಹಂಬಲಕ್ಕಾಗಿ ಹೋಗುವವರ ಕಥೆ ಬೇರೆ. 2009ರಲ್ಲಿ ಮೆಲ್ಬರ್ನ್ ನಗರದಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳು ನಡೆದು ಅವರು ಬೀದಿಗಿಳಿದದ್ದನ್ನು ಓದುಗರು ಮರೆತಿರಲಾರರು. ಅದೇ ಕಾಲದಲ್ಲಿ ಹಲವು ಖಾಸಗಿ ಕಾಲೇಜುಗಳು ಬಾಗಿಲು ಮುಚ್ಚಿ ಮಕ್ಕಳು ನಡುಬೀದಿಯಲ್ಲಿ ನಿಂತರು. ಆ ಬಳಿಕ ಶುಲ್ಕ ಕಟ್ಟಿದ ವಿದ್ಯಾರ್ಥಿಗಳ ರಕ್ಷಣೆಗಾಗಿ 2012ರಲ್ಲಿ ಅಲ್ಲಿನ ಸರ್ಕಾರ ಒಂದು ವ್ಯವಸ್ಥೆಯನ್ನು ಮಾಡಿತು. ಕೊರೋನಾ ಕಾಲದಲ್ಲಿ 2020ರ ಮಾರ್ಚಿಯಲ್ಲಿ ಮುಚ್ಚಿದ ಆ ದೇಶದ ಗಡಿ ವಿದೇಶಿ ವಿದ್ಯಾರ್ಥಿಗಳಿಗೆ ಮತ್ತೆ ತೆರೆದದ್ದು 2021ರ ಡಿಸೆಂಬರ್ 15ರಂದು. ದೂರದ ವಿದ್ಯೆಗೆ ಇಂತಹ ಅಪಾಯಗಳೂ ಜೊತೆಗಿವೆಯೆಂಬುದನ್ನು ತಂದೆತಾಯಿಗಳು ಅರಿತಿರಬೇಕು.

ಕೂಡಿ ಕಳೆದ ಲೆಕ್ಕ

ಇನ್ನು ಹಣದ ಮಾತು. ಮತ್ತೆ ಬೈರಾಪಟ್ಟಣಕ್ಕೆ ಹೋದ ದಿನ ನಾವು ಜಗಲಿಯ ಮೇಲೆ ಕಾಗದ ಹರಡಿಕೊಂಡು ಕುಳಿತೆವು. ಅಂತಹ ವಿಶ್ವವಿದ್ಯಾನಿಲಯಗಳಲ್ಲಿ ತರಗತಿಗಳ ಮೂಲಕ ಪಡೆಯುವ ಸ್ನಾತಕೋತ್ತರ ಪದವಿಗೆ ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 45 ಸಾವಿರ ಡಾಲರ್ ಶುಲ್ಕ ತೆರುವುದು ಸಾಮಾನ್ಯ. ಕೆಲವೆಡೆ ಅದಕ್ಕೂ ಹೆಚ್ಚು. ಜೀವನ ವೆಚ್ಚಕ್ಕೆಂದು ವರ್ಷಕ್ಕೆ 29,710 ಡಾಲರ್ ಇರುವುದನ್ನು ತೋರಿಸಬೇಕೆಂದು ಅಲ್ಲಿನ ಸರ್ಕಾರ 2024ರ ಮೇ ತಿಂಗಳಲ್ಲಿ ವಿಧಿಸಿತು. ಎರಡು ವರ್ಷಕ್ಕೆ ಒಟ್ಟು ಸುಮಾರು ಒಂದೂವರೆ ಲಕ್ಷ ಡಾಲರ್. ಡಾಲರೊಂದಕ್ಕೆ 55 ರೂಪಾಯಿಯೆಂದು ಹಿಡಿದರೂ 82 ಲಕ್ಷ ರೂಪಾಯಿ. ವೀಸಾ ಅರ್ಜಿಯ ಶುಲ್ಕವೇ 2024ರ ಜುಲೈಯಲ್ಲಿ 710 ಡಾಲರಿನಿಂದ 1,600 ಡಾಲರಿಗೂ, 2025ರ ಜುಲೈಯಲ್ಲಿ 2,000 ಡಾಲರಿಗೂ ಏರಿತು. ವೀಸಾ ಸಿಗದಿದ್ದರೆ ಆ ಹಣ ಹಿಂದಿರುಗುವುದಿಲ್ಲ. ಇವುಗಳ ಜೊತೆಗೆ ಆರೋಗ್ಯ ವಿಮೆ, ಇಂಗ್ಲಿಷ್ ಪರೀಕ್ಷೆ, ವಿಮಾನದ ವೆಚ್ಚ ಬೇರೆ.

“ಅಲ್ಲಿ ದುಡಿದುಕೊಂಡು ಓದಬಹುದೆಂದು ಏಜೆಂಟರು ಹೇಳಿದರಲ್ಲ” ಎಂದರು ತಂದೆ. ದುಡಿಯಬಹುದು, ನಿಜ. ಆದರೆ ತರಗತಿಗಳು ನಡೆಯುವಾಗ ಎರಡು ವಾರಕ್ಕೆ 48 ಗಂಟೆಗಳ ಮಿತಿಯನ್ನು 2023ರ ಜುಲೈಯಿಂದ ಹಾಕಲಾಗಿದೆ. ಆ ದುಡಿಮೆ ಊಟದ ಖರ್ಚಿಗೆ ಆಸರೆಯಾದೀತೇ ಹೊರತು ಶುಲ್ಕವನ್ನು ತೀರಿಸಲಾರದು. ಬ್ಯಾಂಕುಗಳು ಏಳೂವರೆ ಲಕ್ಷಕ್ಕೆ ಮೀರಿದ ವಿದ್ಯಾಭ್ಯಾಸದ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ. ಸಾಗುವಳಿ ಜಮೀನನ್ನು ಭದ್ರತೆಯಾಗಿ ಒಪ್ಪಲು ಬಹಳಷ್ಟು ಬ್ಯಾಂಕುಗಳು ಹಿಂಜರಿಯುತ್ತವೆ. ಆದ್ದರಿಂದಲೇ ನಮ್ಮ ರೈತರು ತೋಟವನ್ನು ಮಾರುವ, ಇಲ್ಲವೇ ಬಡ್ಡಿಗೆ ಕೈಸಾಲ ತರುವ ದಾರಿಗೆ ಬೀಳುತ್ತಾರೆ.

ಆದರೆ ಇನ್ನೊಂದು ದಾರಿಯಿದೆ. ಅದನ್ನು ಏಜೆಂಟರು ಹೇಳಿರಲಿಲ್ಲ. ಪಿಎಚ್.ಡಿ. ಮೊದಲಾದ ಸಂಶೋಧನಾ ಪದವಿಗಳಿಗೆ ಅಲ್ಲಿನ ಸರ್ಕಾರದ ನೆರವಿನಿಂದ ವಿಶ್ವವಿದ್ಯಾನಿಲಯಗಳು ವಿದ್ಯಾರ್ಥಿವೇತನ ಕೊಡುತ್ತವೆ. ವಿದೇಶಿಯರೂ ಅದಕ್ಕೆ ಅರ್ಹರು. ಅದು ದೊರೆತರೆ ಶುಲ್ಕದ ಹೊರೆ ಇಳಿಯುವುದಲ್ಲದೆ ಜೀವನ ನಿರ್ವಹಣೆಗೆ ವೇತನವೂ ಸಿಗುತ್ತದೆ. 2024ರಲ್ಲಿ ಅದರ ಕನಿಷ್ಠ ಮೊತ್ತ ವರ್ಷಕ್ಕೆ 32,192 ಡಾಲರ್ ಆಗಿತ್ತು. ಇದಕ್ಕೆ ಸ್ಪರ್ಧೆ ಬಲು ಕಠಿಣ. ಬಿ.ಎಸ್ಸಿ. ಮುಗಿಸಿದೊಡನೆ ಸಿಗುವಂಥದ್ದಲ್ಲ. ಇಲ್ಲಿಯೇ ಎಂ.ಎಸ್ಸಿ. ಓದಿ, ಪ್ರೌಢಪ್ರಬಂಧ ಬರೆದು, ಸಾಧ್ಯವಾದರೆ ಒಂದೆರಡು ಸಂಶೋಧನಾ ಲೇಖನಗಳನ್ನು ಪ್ರಕಟಿಸಿ, ಅಲ್ಲಿನ ಪ್ರಾಧ್ಯಾಪಕರೊಬ್ಬರಿಗೆ ತನ್ನ ಪ್ರಶ್ನೆ ಏನೆಂಬುದನ್ನು ಸ್ವತಃ ಬರೆದು, ಅವರ ಒಪ್ಪಿಗೆ ಪಡೆದು ಅರ್ಜಿ ಹಾಕಬೇಕು. ಅಲ್ಲಿನ ವಿದ್ಯಾವರ್ಷ ಫೆಬ್ರವರಿಯಲ್ಲಿ ಆರಂಭವಾಗುವುದರಿಂದ ಹಿಂದಿನ ವರ್ಷದ ಮಧ್ಯದಲ್ಲಿಯೇ ಸಿದ್ಧತೆ ನಡೆಯಬೇಕು.

ಹೋಗುವವರು ಯಾವುದೇ ದಾರಿ ಹಿಡಿಯಲಿ, ಒಂದು ಎಚ್ಚರಿಕೆಯನ್ನು ತಪ್ಪಬಾರದು. ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಪ್ರತಿಯೊಂದು ವಿದ್ಯಾಸಂಸ್ಥೆಯೂ ಅದರ ಪ್ರತಿಯೊಂದು ಪಠ್ಯಕ್ರಮವೂ ‘ಕ್ರೈಕಾಸ್’ ಎಂಬ ಸರ್ಕಾರಿ ದಾಖಲೆಯಲ್ಲಿ ನಮೂದಾಗಿರಬೇಕೆಂಬುದು ಅಲ್ಲಿನ ಕಾನೂನು. ಅದರಲ್ಲಿ ಹೆಸರಿಲ್ಲದ ಕಡೆಗೆ ಒಂದು ರೂಪಾಯಿಯನ್ನೂ ಕಟ್ಟಬಾರದು. ಅರ್ಜಿಯನ್ನು ಮಕ್ಕಳೇ ತುಂಬಬೇಕು. ತಂದೆತಾಯಿಗಳು ಪಕ್ಕದಲ್ಲಿ ಕುಳಿತು ಓದಿಸಿ ಕೇಳಬೇಕು.

ಸಮಾಜದ ಋಣ

ವಿದ್ಯೆಗಾಗಿ ಮನೆಯೊಂದೇ ಎಲ್ಲ ಹೊರೆಯನ್ನೂ ಹೊರಬೇಕೆಂಬ ಕಟ್ಟಳೆ ನಮ್ಮ ಸಮಾಜದಲ್ಲಿ ಎಂದೂ ಇರಲಿಲ್ಲ. 1883ರಷ್ಟು ಹಿಂದೆಯೇ ಧಾರವಾಡದಲ್ಲಿ ಅರಟಾಳ ರುದ್ರಗೌಡರು ಮೊದಲಾದ ಹಿರಿಯರು ಲಿಂಗಾಯತ ಮಕ್ಕಳ ಓದಿಗೆಂದು ನಿಧಿಯನ್ನು ಕೂಡಿಸಿದರು. ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಮೀಸಲಿಟ್ಟರು. ಗೋಕಾಕ ಸೀಮೆಯ ಡಿ. ಸಿ. ಪಾವಟೆಯವರು ಕೇಂಬ್ರಿಜ್‌ಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಆಗಿ ಮರಳಿದರು. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಸಾವಿರಾರು ಹಳ್ಳಿಯ ಮಕ್ಕಳಿಗೆ ಬಾಗಿಲು ತೆರೆದರು. ಸುತ್ತೂರು ಶ್ರೀಗಳಾಗಿದ್ದ ರಾಜೇಂದ್ರ ಮಹಾಸ್ವಾಮಿಗಳು 1954ರಲ್ಲಿ ಸ್ಥಾಪಿಸಿದ ಮಹಾವಿದ್ಯಾಪೀಠದ ಸೇವೆ ಎಲ್ಲರಿಗೂ ತಿಳಿದದ್ದೇ.

ನಮ್ಮ ಸೀಮೆಗೆ ಇನ್ನೂ ಹತ್ತಿರದ ದೃಷ್ಟಾಂತವೊಂದಿದೆ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿದ ಒಬ್ಬ ರೈತನ ಮಗ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಆಸರೆ ಪಡೆದದ್ದು ಗುಬ್ಬಿ ತೋಟದಪ್ಪನವರ ವಿದ್ಯಾರ್ಥಿನಿಲಯದಲ್ಲಿ. ಅವರೇ ಮುಂದೆ ಸಿದ್ಧಗಂಗೆಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳಾಗಿ, 2019ರಲ್ಲಿ ಲಿಂಗೈಕ್ಯರಾಗುವವರೆಗೂ, ಜಾತಿಮತಗಳ ಭೇದವಿಲ್ಲದೆ ಲಕ್ಷಾಂತರ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದರು. ಪಡೆದ ದಾಸೋಹವನ್ನು ಸಾವಿರ ಪಾಲಾಗಿ ಹಿಂದಿರುಗಿಸುವುದೆಂದರೆ ಇದೇ.

ಇಂದು ಸರ್ಕಾರದ ಕಡೆಯಿಂದಲೂ 2020ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮವು ವಿದ್ಯಾಭ್ಯಾಸಕ್ಕೆ, ಅದರಲ್ಲಿ ವಿದೇಶ ವ್ಯಾಸಂಗಕ್ಕೂ, ಸಾಲದ ಯೋಜನೆಗಳನ್ನು ಇಟ್ಟುಕೊಂಡಿದೆ. ಆದಾಯದ ಮಿತಿ, ಅರ್ಜಿಯ ಅವಧಿಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಬೇಕು. ಮಠಗಳೂ ಸಂಘಸಂಸ್ಥೆಗಳೂ ಕಲ್ಯಾಣ ಮಂಟಪಗಳಿಗೆ ಹಾಕುವ ಹಣದಲ್ಲಿ ಒಂದು ಪಾಲನ್ನು ಇಂತಹ ಸಂಶೋಧನಾಸಕ್ತ ಮಕ್ಕಳ ಪ್ರಯಾಣ, ಪರೀಕ್ಷೆ, ಅರ್ಜಿಗಳ ವೆಚ್ಚಕ್ಕೆ ತೆಗೆದಿಟ್ಟರೆ, ಅದು ಹಿರಿಯರು ತೋರಿದ ದಾರಿಯಲ್ಲಿಯೇ ನಡೆದಂತಾಗುತ್ತದೆ.

ಅಜ್ಜಿಯ ಪ್ರಶ್ನೆ

ಅಜ್ಜಿಯ ಪತ್ರೆಯ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣಲಿಲ್ಲ. ಅದಕ್ಕೆ ಲೌಕಿಕವಾದ ಉತ್ತರವೊಂದಿದೆ. ತನ್ನ ಬೆಳೆಗಳಿಗೂ ದನಕರುಗಳಿಗೂ ಹೊರಗಿನ ರೋಗ ತಗಲಬಾರದೆಂದು ಆಸ್ಟ್ರೇಲಿಯಾ ಬಹಳ ಕಟ್ಟುನಿಟ್ಟು ಮಾಡುತ್ತದೆ. ಬೀಜ, ಎಲೆ, ಹೂವು, ತುಪ್ಪ, ಹಾಲಿನ ಸಿಹಿತಿಂಡಿಗಳಷ್ಟೇ ಅಲ್ಲ, ರುದ್ರಾಕ್ಷಿಯೂ ಬೀಜವೇ ಆದುದರಿಂದ ವಿಮಾನದಿಂದ ಇಳಿಯುವಾಗ ಕೊಡುವ ಹೇಳಿಕೆಯಲ್ಲಿ ಅದನ್ನು ನಮೂದಿಸಿ ಅಧಿಕಾರಿಗಳಿಗೆ ತೋರಿಸಬೇಕು. ವಿಭೂತಿಯನ್ನೂ ಹಾಗೆಯೇ ತೋರಿಸುವುದು ಲೇಸು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಸ್ಥಳದಲ್ಲಿಯೇ ದಂಡ ಬೀಳುತ್ತದೆ. ಸತ್ಯವನ್ನು ಹೇಳಿ ತೋರಿಸಿದರೆ ಅವರು ಪರಿಶೀಲಿಸಿ ತೀರ್ಮಾನಿಸುತ್ತಾರೆ. ರಾಗಿಹಿಟ್ಟು ಅಲ್ಲಿನ ಭಾರತೀಯ ಅಂಗಡಿಗಳಲ್ಲಿ ದೊರೆಯುತ್ತದೆ, ಶಾಕಾಹಾರಕ್ಕೆ ತೊಂದರೆಯಿಲ್ಲ. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಕನ್ನಡ ಸಂಘಗಳಿವೆ. ನಮ್ಮಲ್ಲಿ ಆಷಾಢದ ಗಾಳಿ ಬೀಸುವಾಗ ಕ್ಯಾನ್‌ಬೆರಾದಲ್ಲಿ ಚಳಿಗಾಲ. ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಥಂಡಿ.

ಪಾರಮಾರ್ಥಿಕವಾದ ಉತ್ತರ ನಮ್ಮ ಧರ್ಮದಲ್ಲಿಯೇ ಇದೆ. ಗುಡಿಯನ್ನು ಬಿಟ್ಟು ಹೋಗಬೇಕಾದ ಭಯ ಬೇಡವೆಂದೇ ಶರಣರು ದೇವರನ್ನು ಅಂಗೈಯಲ್ಲಿಟ್ಟರು. ಇಷ್ಟಲಿಂಗ ಎದೆಯ ಮೇಲಿದ್ದ ಮೇಲೆ ಅಭಿಷೇಕಕ್ಕೆ ಎಲ್ಲಿಯ ನೀರಾದರೂ ಸಲ್ಲುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವೇ ಒಂದು ವಿಶ್ವವಿದ್ಯಾನಿಲಯದಂತಿತ್ತು. ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದಲೂ, ಆದಯ್ಯನವರು ಸೌರಾಷ್ಟ್ರದಿಂದಲೂ ಈ ಕಡೆಗೆ ಬಂದರೆಂದು ಪರಂಪರೆ ಹೇಳುತ್ತದೆ. ಉಡುತಡಿಯಿಂದ ಕಲ್ಯಾಣಕ್ಕೆ ಒಬ್ಬಂಟಿಯಾಗಿ ನಡೆದುಬಂದ ಅಕ್ಕಮಹಾದೇವಿಯನ್ನು ಅನುಭವ ಮಂಟಪ ಪ್ರಶ್ನಿಸಿತು, ಪರೀಕ್ಷಿಸಿತು, ಕೊನೆಗೆ ಗೌರವಿಸಿತು. “ಅಕ್ಕನನ್ನು ಪೂಜಿಸುವ ನಾವು ಮೊಮ್ಮಗಳನ್ನು ತಡೆಯುವುದು ಹೇಗೆ, ಅವ್ವಾ?” ಎಂದೆ. ಅಜ್ಜಿ ಬಹಳ ಹೊತ್ತು ಮಾತನಾಡಲಿಲ್ಲ.

ಜಗಲಿಯ ಮೇಲಿನ ಒಪ್ಪಂದ

ತೋಟ ಮಾರಬೇಡಿ, ಮಗಳು ಇಲ್ಲಿಯೇ ಎಂ.ಎಸ್ಸಿ. ಮುಗಿಸಿ ವಿದ್ಯಾರ್ಥಿವೇತನಕ್ಕೆ ಪ್ರಯತ್ನಿಸಲಿ ಎಂದು ನಾನು ಹೇಳಿದಾಗ ತಂದೆಯ ಮುಖ ಹಗುರವಾಯಿತು. ಮಗಳ ಕಣ್ಣುಗಳು ಮಾತ್ರ ತುಂಬಿಕೊಂಡವು. ಒಳಗೆ ಹೋದವಳು ಸ್ವಲ್ಪ ಹೊತ್ತಿಗೆ ಮರಳಿ ಬಂದು, ಅಂದು ಆ ಮನೆಯಲ್ಲಿ ಯಾರೂ ಆಡದಿದ್ದ ಮಾತನ್ನು ಆಡಿದಳು. “ತಾತ, ನೀವು ಹೇಳುವುದು ಸರಿಯಿರಬಹುದು. ಆದರೆ ಎರಡು ವರ್ಷ ಇಲ್ಲಿಯೇ ಇದ್ದರೆ ನಾಲ್ಕು ಕಡೆಯಿಂದ ಗಂಡು ಬರುತ್ತದೆ. ಅಪ್ಪಾಜಿ ಒಳ್ಳೆಯ ಮನೆತನವೆನ್ನುತ್ತಾರೆ. ಅಲ್ಲಿಗೆ ನನ್ನ ಓದು ಮುಗಿಯುತ್ತದೆ. ಅದಕ್ಕೇ ಈಗಲೇ ಹೊರಟುಬಿಡಬೇಕೆಂದಿದ್ದೆ.”

ನಾನು ಲೆಕ್ಕದಲ್ಲಿ ಹಿಡಿಯದೆ ಬಿಟ್ಟಿದ್ದ ಬಾಬು ಇದೇ ಎಂದು ಆಗ ತಿಳಿಯಿತು. 82 ಲಕ್ಷದ ಲೆಕ್ಕ ನನಗೆ ಬಂದಿತ್ತು. ಒಂದು ಹೆಣ್ಣುಮಗಳು ಕಾಯುವ ಎರಡು ವರ್ಷಕ್ಕೆ ತೆರಬೇಕಾದ ಬೆಲೆ ನನಗೆ ಹೊಳೆದಿರಲಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಗಂಡುಮಗನಿಗೆ ‘ನಿಧಾನವಾಗಿ ಹೋಗು’ ಎನ್ನುವ ಮಾತಿಗೂ ಹೆಣ್ಣುಮಗಳಿಗೆ ಹೇಳುವ ಅದೇ ಮಾತಿಗೂ ಅರ್ಥ ಒಂದೇ ಆಗಿರುವುದಿಲ್ಲ.

ತಂದೆ ತಲೆ ತಗ್ಗಿಸಿ ಕುಳಿತಿದ್ದರು. ಮೌನವನ್ನು ಮುರಿದವರು ಅಜ್ಜಿ. “ಅವಳು ಓದು ಮುಗಿಸುವವರೆಗೆ ಈ ಮನೆಯಲ್ಲಿ ಮದುವೆ ಮಾತು ಎತ್ತಕೂಡದು. ನನ್ನ ಕಣ್ಣ ಮುಂದೆ ಆಗಬೇಕೆಂದು ನಾನೂ ಕೇಳುವುದಿಲ್ಲ. ಮೇಷ್ಟ್ರ ಎದುರಿಗೆ ಮಾತು ಕೊಡು” ಎಂದು ಮಗನಿಗೆ ಹೇಳಿದರು. ಯಜಮಾನರು ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡು ಮಾತು ಕೊಟ್ಟರು. ಏಜೆಂಟರಿಗೆ ಕೊಟ್ಟ ಮುಂಗಡ ಹಿಂದಕ್ಕೆ ಬರಲಿಲ್ಲ, ತೋಟ ಉಳಿಯಿತು.

ಹುಡುಗಿ ಈಗ ಎಂ.ಎಸ್ಸಿ. ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಳೆ. ಮುಂದೆ ವಿದ್ಯಾರ್ಥಿವೇತನ ಸಿಕ್ಕೀತೆಂದು ಯಾರೂ ಭರವಸೆ ಕೊಡಲಾರರು. ಮೊದಲ ಸಲ ಸಿಗದಿದ್ದರೆ ಎರಡನೆಯ ಸಲ ಅರ್ಜಿ ಹಾಕುತ್ತಾಳೆ. ಆಗಲೂ ಸಿಗದಿದ್ದರೆ ಆ ಯಂತ್ರ ಬೆಂಗಳೂರಿನಲ್ಲಿಯೇ ಇದೆ, ರಾಗಿಯ ಪ್ರಶ್ನೆಯೂ ಇಲ್ಲಿಯ ನೆಲದ್ದೇ. ಕಡಲು ದಾಟಿಯೋ ದಾಟದೆಯೋ ಆಕೆ ಅದರ ಬೆನ್ನು ಹತ್ತಿ ಹೋಗುವಳೆಂಬ ನಂಬಿಕೆ ನನಗಿದೆ.

ನಮ್ಮ ಓದುಗರ ಮನೆಗಳಿಗೂ ಇಂತಹ ಲಕೋಟೆ ಬಂದರೆ, ನೆಲವನ್ನು ಮಾರುವ ಮುನ್ನ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಏನನ್ನು ಕಲಿಯಲು ಹೋಗುವೆಯೆಂದು ಕೇಳಿರಿ. ಮಗಳಾದರೆ, ಏತಕ್ಕಾಗಿ ಅವಸರಪಡುತ್ತಿರುವೆಯೆಂದೂ ಕೇಳಿರಿ. ಆ ಉತ್ತರವನ್ನು ಕೇಳುವ ತಾಳ್ಮೆಯನ್ನು ಶಿವನು ನಮಗೆಲ್ಲ ಕರುಣಿಸಲಿ.